ಕುಷ್ಠರೋಗದ ನೃತ್ಯನಾಟಕಕ್ಕ ಬಣ್ಣ ಹಚ್ಚಿಕೊಟ್ಟ ಅಂಗಡಿ, ಕಲಬುರಗಿ

ಸೂಪರ್ ಮಾರ್ಕೆಟ್ ಕಡಿ ಡ್ರೆಸ್ ಬಾಡಿಗಿ ಕೊಟ್ಟು ಮೇಕಪ್ಪೂ ಮಾಡೋ ಹಳೇ ಅಂಗಡಿ ಒಂದದ, ಸ್ಕೂಲ್ ಗ್ಯಾದರಿಂಗಿಗೆ ಮಕ್ಕಳಿಗೆ ಕೃಷ್ಣನ ಡ್ರೆಸ್ ತಂದೋರಿಗೆಲ್ಲ ಗೊತ್ತಿರ್ತದ. ನಾವು ಹೋಗಿದ್ದು ಪಂಡಿತ ರಂಗಮಂದಿರದಾಗ ಮಾಡೋ ನಮ್ಮ ನೃತ್ಯನಾಟಕಕ್ಕ. ಹೊಸದಾಗಿ ಮದಿವಿಯಾಗಿ ಬಂದ ಹೆಣ್ಮಗಳ ಮುಂಗೈ ಮ್ಯಾಲೆ ಒಂದ್ ಮಚ್ಚಿ ಕಾಣ್ತದ, ಡಾಕ್ಟರ್ ಕುಷ್ಠ ಅಂತಾರ, ಅಲ್ಲಿಂದ ಅಡಗಿಮನಿ, ಓಣಿ, ಗುಡಿ ಒಂದೊಂದೇ ಆಕಿಗಿ ಬಂದ್ ಆಗ್ತಾವ, ಕಡೀಕ ಬಾವಿ ಕಟ್ಟಿಗಿ ಬಂದು ಕೂಡ್ತಾಳ.

ಮೊದಲು ಕೇಳಿದ ಬ್ಯಾರೆ ಕಡಿಯವ್ರು ಕೀವು ಸುರಿಯೋ ಹುಣ್ಣು ಮಾಡಿಕೊಡ್ತೀವಿ, ಜನ ಬೆಚ್ಚಿ ಬೀಳ್ತಾರ ಅಂದ್ರು. ನಂಗ ಅದು ಭಾಳ ಸಂಕಟ ಆತು, ಯಾಕಂದ್ರ ಆಕೀನ ನೋಡಿ ಹೇಸೋ ಜನಾನ ತೋರಿಸ್ಲಿಕ್ಕ ಹೊಂಟು ನಾವೇ ಪ್ರೇಕ್ಷಕರಿಗೆ ಹೇಸಿಗಿ ಕಲಿಸಿದಂಗ ಆಗ್ತದ.

ಈ ಅಂಗಡಿ ಕಾಕಾ ಕೇಳಿದ ಮೊದಲನೇ ಪ್ರಶ್ನಿ, "ಮೇಡಂ, ಈಕಿ ಗುಳಿಗಿ ನುಂಗ್ಲಿಕತ್ತಾಳೋ ಇಲ್ಲೋ?" ಅವ್ರ ಪೈಕಿ ಒಬ್ರಿಗೆ ಈ ರೋಗ ಬಂದು ವಾಸಿ ಆಗಿತ್ತಂತ. ಕುಷ್ಠಕ್ಕ ಕೊಡೋ ಕ್ಲೋಫಜಿಮಿನ್ ಅನ್ನೋ ಗುಳಿಗಿ ತಗೊಂಡ್ರ ಮೈಬಣ್ಣ ಕಂದು ಹೊಡಿತದ, ಗುಳಿಗಿ ಮುಗಿದ ಮ್ಯಾಲೆ ನಿಧಾನಕ್ಕ ತಿಳಿ ಆಗ್ತದ. ಹಂಗಾಗಿ ಎರಡನೇ ಅಂಕಕ್ಕ ಮುಖದ ಪ್ಯಾನ್‌ಕೇಕ್ ಬಣ್ಣ ಒಂದ್ ಶೇಡ್ ಕಪ್ಪು ಮಾಡಿದ್ರು, ಆಕಿ ವಾಸಿ ಆಗ್ಲಿಕತ್ತಿರೋ ಹೊತ್ತಿಗೇ ಜನ ದೂರ ಸರೀತಾರ ಅನ್ನೋದು ನಾವು ಹೇಳದೇ ಕಂಡ್ತು. ಮಚ್ಚಿಗಿ ಸಫೇದ ಅನ್ನೋ ಬಿಳಿ ಬಣ್ಣ ಮುಟ್ಟಲಿಲ್ಲ, ಮೈಬಣ್ಣಕ್ಕಿಂತ ತುಸು ತಿಳಿ ಬಣ್ಣ ಕಲಸಿ ಅಂಚು ಬೆರಳಿಂದ ತೀಡಿದ್ರು, ಲೈಟ್ ಬಿದ್ರೂ ಅಂಟಿಸಿದಂಗ ಕಾಣಲಿಲ್ಲ.

ಇನ್ನೊಂದು ವಿಷಯ ಕೈದು. ನರ ಕೆಟ್ರ ಕಿರುಬೆರಳು, ಉಂಗುರ ಬೆರಳು ಮಡಚಿಕೋತಾವಲ್ಲ, ನಾವು ಬೆರಳು ನೆಟ್ಟಗ ಜೋಡಿಸಿ ಹಿಡಿಯೋ ಪತಾಕ ಹಸ್ತ ಹಿಡಿದಾಗ ಆ ಎರಡು ಬೆರಳು ಮೆಲ್ಲಕ ಸೋತು ಬೀಳೋ ಹಂಗ ಕೂಡಿಸಿದ್ವಿ, ರಿಹರ್ಸಲ್‌ದಾಗ ಹಿಂದಿನ ಸಾಲಿಗಿ ಅದು ಕಾಣ್ತಿರಲಿಲ್ಲ. ಕಾಕಾ ಆ ಬೆರಳ ತುದಿಗಿ ಆಲ್ತಾ ಗಾಢವಾಗಿ ಹಚ್ಚಿ, ಉಳಿದವಕ್ಕ ತೆಳ್ಳಗ ಬಿಟ್ರು. ಕೆಂಪು ಒಳಗ ಮುಚ್ಚಿಕೊಳ್ಳೋದು ಬಾಲ್ಕನಿಯಿಂದನೂ ಕಂಡ್ತಂತ.

ಕೋರ್ಟ್ ಸೀನಿಗೆ ಕರಿ ಕೋಟು ಸುಮ್ನೇ ಕೊಟ್ರು. 2019ರ ತನಕ ಕುಷ್ಠ ಅಂದ್ರ ವಿಚ್ಛೇದನಕ್ಕ ಕಾನೂನೇ ಕಾರಣ ಅಂತ ಒಪ್ಪಿಕೊಂಡಿತ್ತು, ಸರ್ಕಾರಿ ದವಾಖಾನಿಯಾಗ ಗುಳಿಗಿ ಫ್ರೀ, 6 ಇಲ್ಲಾ 12 ತಿಂಗಳದಾಗ ಗುಣ, ಶುರು ಮಾಡಿದ ಮ್ಯಾಲೆ ಇನ್ನೊಬ್ರಿಗೆ ಹಬ್ಬೋದೂ ಬೇಗ ನಿಲ್ತದ. ಇಷ್ಟೂ ನಾವು ಹಾಡಿನಾಗೇ ಇಟ್ಟಿದ್ವಿ, ಕೋರ್ಟಿನ ಸಾಲು ಬಂದಾಗ ಹಾಲ್ ತುಂಬ ಗುಜುಗುಜು ಎದ್ದಿತು.

ಓಣಿ ಮಂದಿ ಸೀರಿ, ಧೋತ್ರ ಚೊಲೋ ಇದ್ವು. ಗೆಜ್ಜಿ ಮಾತ್ರ ಇಲ್ಲಿ ತಗೋಬ್ಯಾಡ್ರಿ, ಹಳೇವು, ನಾದ ಇಲ್ಲ. ವಿಗ್ಗೂ ಸಡಲ. ಬಾಡಿಗಿ ಉಳಿದೋರಕಿಂತ ಜಾಸ್ತಿ ಅದ, ಆದ್ರ ಕೊಟ್ಟಿದ್ದಕ್ಕ ನಂಗ ಬೇಜಾರಿಲ್ಲ. ಇಂಥ ವಿಷಯ ತಗೊಂಡು ಕುಣಿಸೋರು ಇದ್ರ ಒಂದ್ಸಲ ಕಥಿ ಪೂರ್ತಿ ಕಾಕಾನ ಮುಂದ ಕುಂತು ಹೇಳ್ರಿ, ಬರೀ ಡ್ರೆಸ್ ಲಿಸ್ಟ್ ಕೊಟ್ಟು ಬರಬ್ಯಾಡ್ರಿ. ಡಿಸೆಂಬರ್, ಜನವರಿ ಗ್ಯಾದರಿಂಗ್ ಸೀಜನ್, ಆವಾಗ ಹುಡುಗ್ರನ್ನ ಕಳಸ್ತಾರ, ಅವ್ರಿಗೆ ಬರೋದು ಮದುಮಗಳ ಮೇಕಪ್ಪಷ್ಟೇ, ಕಾಕಾನೇ ಬರಬೇಕು ಅಂತ ಮೊದಲೇ ಹೇಳಿ ಅಡ್ವಾನ್ಸ್ ಕೊಡ್ರಿ.