ಸ್ವಿಫ್ಟ್, ಐ20 ಎನ್ ಲೈನ್, ಫ್ರಾಂಕ್ಸ್, ಪಂಚ್ ಇವಿ: ಮಗುವಿನ ಸೀಟ್ ಹಾಕಿ ಓಡಿಸಿ ನೋಡಿದ್ದು

ನಮ್ಮ ಮನೆಯಲ್ಲಿ ಒಂದು ಡೀಸೆಲ್ ಇನ್ನೋವಾ ಕ್ರಿಸ್ಟಾ ಮೊದಲೇ ಇದೆ. ಆದರೆ ವಾರದಲ್ಲಿ ನಾಲ್ಕು ದಿನ ಅದು ನನ್ನ ಗಂಡನ ಜೊತೆ ಬೆಂಗಳೂರಿಗೆ ಹೋಗುತ್ತದೆ. ಇಷ್ಟು ದಿನ ನನಗೆ ಸ್ಕೂಟರ್ ಸಾಕಾಗಿತ್ತು. ಮಗಳನ್ನು ಸ್ಕೂಲಿಗೆ ಬಿಟ್ಟು ಹಾಗೇ ಆಫೀಸಿಗೆ ಹೋಗುತ್ತಿದ್ದೆ. 2024ರಲ್ಲಿ ಮಗ ಹುಟ್ಟಿದ. ಐದು ತಿಂಗಳ ಕೂಸು, ಆರು ವರ್ಷದ ಮಗಳು, ಮಂಡಿ ನೋವಿರುವ ಅತ್ತೆ, ಇಷ್ಟು ಜನರನ್ನು ಸ್ಕೂಟರ್ ಮೇಲೆ ಕೂರಿಸೋಕೆ ಆಗಲ್ಲ ಅಲ್ವಾ?

ನನಗೆ ಕಾರು ಓಡಿಸುವುದೆಂದರೆ ತುಂಬಾ ಇಷ್ಟ. ಹಾಗಾಗಿ ಎರಡನೇ ಕಾರು ಸುಮ್ನೆ ಜನರನ್ನು ಸಾಗಿಸುವ ಡಬ್ಬಿ ಆಗಬಾರದು ಅಂತ ಮೊದಲೇ ಹೇಳಿಬಿಟ್ಟಿದ್ದೆ. ದಿನಾ ಒಂದೂವರೆ ಗಂಟೆ ಅದರೊಳಗೆ ಕೂರುವವಳು ನಾನು. ಆ ಹೊತ್ತು ನನಗೆ ಖುಷಿ ಕೊಡಬೇಕು.

ನಾಲ್ಕು ಗಾಡಿ ಪಟ್ಟಿಗೆ ಬಂದವು. ಮಾರುತಿ ಸ್ವಿಫ್ಟ್ ಮ್ಯಾನುಯಲ್, ಹ್ಯುಂಡೈ ಐ20ಯ ಸ್ಪೋರ್ಟಿ ಮಾದರಿ ಎನ್ ಲೈನ್, ಮಾರುತಿ ಫ್ರಾಂಕ್ಸ್ ಟರ್ಬೊ ಆಟೋಮ್ಯಾಟಿಕ್, ಎಲೆಕ್ಟ್ರಿಕ್ ಗಾಡಿಯಾದ ಟಾಟಾ ಪಂಚ್ ಇವಿ. ಶೋರೂಮಿನವರ ಟೆಸ್ಟ್ ಡ್ರೈವ್ ನಂಬಿಕೊಂಡು ಏನೂ ಗೊತ್ತಾಗುವುದಿಲ್ಲ. ಒಂದು ಕಡೆ ಮೂರೇ ಕಿಲೋಮೀಟರ್ ಓಡಿಸಲು ಬಿಟ್ಟರು, ಮಗುವಿನ ಸೀಟ್ ಹಾಕಿ ನೋಡುತ್ತೇವೆ ಅಂದರೆ ಬೇಡ ಅಂದರು. ಆಮೇಲೆ ನೆಂಟರು, ಗೆಳೆಯರು, ಆಫೀಸಿನವರ ಹತ್ತಿರ ಕೇಳಿ ಒಂದೊಂದು ಗಾಡಿಯನ್ನೂ ಒಂದೆರಡು ದಿನ ಇಟ್ಟುಕೊಂಡೆ. ಎಲ್ಲದಕ್ಕೂ ಒಂದೇ ದಾರಿ. ಮೈಸೂರಿನ ಕುವೆಂಪುನಗರದ ಮನೆಯಿಂದ ಸರಸ್ವತಿಪುರಂನ ಸ್ಕೂಲು, ಅಲ್ಲಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಆಫೀಸು, ಸಂಜೆ ವಾಪಸ್. ಸುತ್ತಾಟ ಸೇರಿ ದಿನಕ್ಕೆ 30 ಕಿಲೋಮೀಟರ್. ಭಾನುವಾರ ಬೆಳಗ್ಗೆ ಆರು ಗಂಟೆಗೆ, ಜನ ಬರುವ ಮುಂಚೆ, ಚಾಮುಂಡಿ ಬೆಟ್ಟ.

ಮೊದಲು ಮಗುವಿನ ಸೀಟಿನ ವಿಷಯ ಹೇಳುತ್ತೇನೆ. ನಮ್ಮ ತೀರ್ಮಾನ ತಿರುಗಿದ್ದೇ ಅಲ್ಲಿ.

ಕೂಸನ್ನು ಹಿಂದಕ್ಕೆ ಮುಖ ಮಾಡಿ ಕೂರಿಸುವ ಸೀಟ್ ನಮ್ಮದು. ಅದನ್ನು ಮುಂದಿನ ಸೀಟಲ್ಲಿ ಹಾಕಲೇಬಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ. ಹಾಗಾಗಿ ಹಿಂದಿನ ಸೀಟೇ ಗತಿ. ನಾಲ್ಕೂ ಕಾರುಗಳಲ್ಲಿ ಹಿಂದೆ ಎರಡೂ ಬದಿಗೆ ಐಸೋಫಿಕ್ಸ್ ಕೊಕ್ಕೆಗಳಿವೆ. ಸೀಟಿನ ಬೆನ್ನು ಮತ್ತು ಕುಶನ್ ಸೇರುವ ಸಂದಿಯಲ್ಲಿ ಬೆರಳು ತೂರಿಸಿದರೆ ತಣ್ಣನೆಯ ಕಬ್ಬಿಣದ ಕಂಬಿ ಸಿಗುತ್ತದೆ. ಮಗುವಿನ ಸೀಟಿನ ಎರಡು ಕೈಗಳನ್ನು ಅದಕ್ಕೆ ಒತ್ತಿದರೆ ಟಕ್ ಅಂತ ಸದ್ದಾಗಿ ಕೆಂಪು ಗುರುತು ಹಸಿರಾಗುತ್ತದೆ. ಆ ಎರಡು ಟಕ್ ಕೇಳುವವರೆಗೆ ನನಗೆ ಸಮಾಧಾನವಿಲ್ಲ.

ಸೀಟ್ ಕೂರಿಸುವುದು ಸುಲಭ. ಕಷ್ಟ ಬರುವುದು ಅದರ ಮುಂದೆ ಕೂರುವವರಿಗೆ. ಈ ಸೀಟು ಓರೆಯಾಗಿ ನಿಲ್ಲುತ್ತದೆ, ಅದರ ಮೇಲ್ಭಾಗ ಮುಂದಿನ ಸೀಟಿನ ಬೆನ್ನಿಗೆ ತಾಗುತ್ತದೆ. ಸ್ವಿಫ್ಟ್‌ನಲ್ಲಿ ಮುಂದಿನ ಸೀಟನ್ನು ಎಷ್ಟು ಮುಂದೆ ತಳ್ಳಬೇಕಾಯಿತೆಂದರೆ ನನ್ನ ಗಂಡನ ಮಂಡಿ ಗ್ಲೋವ್ ಬಾಕ್ಸಿಗೆ ತಾಗಿತು. ಐ20ಯಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ. ಅದರ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2580 ಮಿಲಿಮೀಟರ್, ಸ್ವಿಫ್ಟ್‌ನದ್ದು 2450. ಕಾಗದದ ಮೇಲೆ 130 ಮಿಲಿಮೀಟರ್ ಏನೂ ಅಲ್ಲ ಅನಿಸುತ್ತದೆ. ಮಗುವಿನ ಸೀಟ್ ಹಾಕಿದಾಗ ಅದು ಒಬ್ಬ ಗಂಡಸಿನ ಮಂಡಿಯಷ್ಟು ಜಾಗ. ಫ್ರಾಂಕ್ಸ್ 2520, ಅದರಲ್ಲೂ ತೊಂದರೆಯಾಗಲಿಲ್ಲ. ಪಂಚ್ ಇವಿಯ ವೀಲ್‌ಬೇಸ್ 2445, ನಾಲ್ಕರಲ್ಲಿ ಅತಿ ಚಿಕ್ಕದು. ಇದನ್ನು ಪಟ್ಟಿಯಿಂದ ತೆಗೆದುಬಿಡೋಣ ಅಂತಲೇ ಅಂದುಕೊಂಡಿದ್ದೆ.

ಆಮೇಲೆ ಅತ್ತೆಯನ್ನು ಕೂರಿಸಿ ನೋಡಿದೆವು. ಹಿಂದೆ ಒಂದು ಬದಿ ಕೂಸಿನ ಸೀಟು, ಇನ್ನೊಂದು ಬದಿ ಮಗಳನ್ನು ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟು, ನಡುವೆ ಅತ್ತೆ. ಇದು ನಾಲ್ಕೂ ಕಾರಲ್ಲಿ ಆಗದ ಮಾತು. ಅವರು ಪಾಪ ಭುಜ ಮುದುಡಿಕೊಂಡು, ಏನೂ ಹೇಳದೆ ಕೂತಿದ್ದರು. ಎರಡು ಮಕ್ಕಳ ಸೀಟಿನ ನಡುವೆ ದೊಡ್ಡವರು ಕೂರುವ ಅಗಲ ಈ ಗಾತ್ರದ ಯಾವ ಕಾರಿಗೂ ಇಲ್ಲ. ಹಾಗಾದರೆ ಅತ್ತೆ ಮುಂದೆ ಕೂರಬೇಕು. ಅವರು ಐದಡಿಯೂ ಇಲ್ಲ. ಮುಂದಿನ ಸೀಟನ್ನು ಎಷ್ಟು ಮುಂದೆ ಎಳೆದರೂ ಅವರ ಕಾಲಿಗೆ ಜಾಗ ಮಿಗುತ್ತದೆ. ಕೂಸಿನ ಸೀಟು ಅವರ ಹಿಂದೆ ಆರಾಮಾಗಿ ಹಿಡಿಯುತ್ತದೆ. ಇನ್ನು ನನ್ನ ಗಂಡ? ಅವರು ಮನೆಯಲ್ಲಿದ್ದಾಗ ಇನ್ನೋವಾ ಕೂಡ ಮನೆಯಲ್ಲೇ ಇರುತ್ತದೆ. ಅಲ್ಲಿಗೆ ಪಂಚ್ ಮತ್ತೆ ಪಟ್ಟಿಗೆ ಬಂತು.

ಅಷ್ಟೇ ಅಲ್ಲ, ಅತ್ತೆ ಹತ್ತಿ ಇಳಿಯುವುದನ್ನು ನೋಡಿದ ಮೇಲೆ ಅದು ಮೇಲಕ್ಕೇ ಹೋಯಿತು. ಸ್ವಿಫ್ಟ್ ಮತ್ತು ಐ20 ಎರಡೂ ತಗ್ಗು. ಅವರು ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು, ಒಂದು ಕ್ಷಣ ಉಸಿರು ಬಿಗಿಹಿಡಿದು ಏಳುತ್ತಿದ್ದರು. ಪಂಚ್‌ನ ಸೀಟು ಸರಿಯಾಗಿ ಅವರ ಸೊಂಟದ ಎತ್ತರಕ್ಕೆ ಬರುತ್ತದೆ. ಬಾಗಿಲು 90 ಡಿಗ್ರಿ ತೆರೆಯುತ್ತದೆ. ಪಕ್ಕಕ್ಕೆ ತಿರುಗಿ ಕೂತು ಕಾಲು ಒಳಗೆಳೆದುಕೊಂಡರೆ ಮುಗಿಯಿತು. ಆ ಅಗಲದ ಬಾಗಿಲಿಂದ ನಿದ್ದೆ ಮಾಡುವ ಕೂಸನ್ನು ತಲೆ ತಾಗಿಸದೆ ಒಳಗೆ ಇಡುವುದೂ ಸಲೀಸು. ಫ್ರಾಂಕ್ಸ್ ಕೂಡ ಎತ್ತರದ ಗಾಡಿ, ಹತ್ತಲು ಸುಲಭ. ಆದರೆ ಅದರ ಚಾವಣಿ ಹಿಂದಕ್ಕೆ ಇಳಿಜಾರು. ಕೂಸನ್ನು ಸೀಟಿಗಿಡುವಾಗ ನಾನೇ ತಲೆ ಬಗ್ಗಿಸಬೇಕಿತ್ತು.

ಡಿಕ್ಕಿಯ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಸ್ವಿಫ್ಟ್ 265 ಲೀಟರ್, ಫ್ರಾಂಕ್ಸ್ 308, ಐ20 311, ಪಂಚ್ ಇವಿ 366. ನಮ್ಮ ಸ್ಟ್ರೋಲರ್ ಸ್ವಿಫ್ಟ್‌ನಲ್ಲಿ ಓರೆಯಾಗಿ ಹಿಡಿಯುತ್ತದೆ, ಆಮೇಲೆ ತರಕಾರಿ ಚೀಲಕ್ಕೂ ಜಾಗವಿಲ್ಲ. ಪಂಚ್‌ನಲ್ಲಿ ಸ್ಟ್ರೋಲರ್, ಸ್ಕೂಲ್ ಬ್ಯಾಗ್, ದೇವರಾಜ ಮಾರ್ಕೆಟ್ಟಿನ ಎರಡು ಚೀಲ, ಎಲ್ಲ ಹಿಡಿದವು.

ಈಗ ಓಡಿಸುವ ಖುಷಿಗೆ ಬರುತ್ತೇನೆ.

ಬೆಟ್ಟದ ಮೇಲೆ ಯಾವುದು ಮೊದಲು ಅಂತ ಕೇಳಿದರೆ ಐ20 ಎನ್ ಲೈನ್. ಇದರಲ್ಲಿ ಎರಡು ಮಾತಿಲ್ಲ. ಒಂದು ಲೀಟರಿನ ಟರ್ಬೊ ಎಂಜಿನ್, 120 ಪಿಎಸ್ ಶಕ್ತಿ, 172 ಎನ್ಎಂ ಎಳೆತ, ಆರು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ನಂದಿಯ ಕಡೆಗೆ ದಾರಿ ಒಡೆಯುವ ಜಾಗ ಬರುವ ಮೊದಲಿನ ತಿರುವುಗಳಲ್ಲಿ ಮೂರನೇ ಗೇರಿನಲ್ಲೇ ಇಟ್ಟು ಸ್ಟೀರಿಂಗ್ ತಿರುಗಿಸಿದರೆ ಗಾಡಿ ನೆಲಕ್ಕೆ ಅಂಟಿಕೊಂಡು ಬರುತ್ತದೆ. ಸೈಲೆನ್ಸರಿನ ಗುಡುಗು ಬೇರೆ. ನಾನು ಮೇಲೆ ಹೋಗಿ ದರ್ಶನ ಮುಗಿಸಿ, ಮತ್ತೊಂದು ಸಲ ಕೆಳಗಿಳಿದು ಹತ್ತಿ ಬಂದೆ. ಆದರೆ ಸೋಮವಾರ ಬೆಳಗ್ಗೆ ಸ್ಕೂಲಿನ ಮುಂದೆ ಅದೇ ಗಾಡಿ ಬೇರೆ ಥರ. ಗಟ್ಟಿ ಸಸ್ಪೆನ್ಷನ್. ಬಣ್ಣ ಬಳಿಯದ ಹಂಪು ಸಿಕ್ಕಿದರೆ ಹಿಂದೆ ಮಲಗಿದ್ದ ಕೂಸು ಎದ್ದೇಬಿಡುತ್ತದೆ. ಒಳಗೆಲ್ಲ ಕಪ್ಪು ಬಣ್ಣ. ಮಗಳಿಗೆ ಕಿಟಕಿಯಿಂದ ಹೊರಗೆ ಕಾಣುವುದೂ ಕಡಿಮೆ. ಮಕ್ಕಳಿಲ್ಲದಿದ್ದರೆ ಅಥವಾ ಅವರು ದೊಡ್ಡವರಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ತರುತ್ತಿದ್ದೆ.

ಸ್ವಿಫ್ಟ್ ಮೇಲೆ ನನಗೆ ಹಳೆಯ ಪ್ರೀತಿ. ನಾನು ಡ್ರೈವಿಂಗ್ ಕಲಿತದ್ದೇ ಅಣ್ಣನ ಮೊದಲ ತಲೆಮಾರಿನ ಸ್ವಿಫ್ಟ್‌ನಲ್ಲಿ. ಅದು 2005ರಲ್ಲಿ ಬಂದ ಕಾರು. 2024ರ ಮೇ ತಿಂಗಳಲ್ಲಿ ಬಂದ ಹೊಸದರಲ್ಲಿ ನಾಲ್ಕು ಸಿಲಿಂಡರಿನ ಜಾಗಕ್ಕೆ ಮೂರು ಸಿಲಿಂಡರ್ ಎಂಜಿನ್ ಇದೆ. ಸುಮಾರು 82 ಪಿಎಸ್. ಬೆಟ್ಟ ಹತ್ತುವಾಗ ಹಳೆಯದರ ಹಾಗೆ ಮೇಲಿನ ಆರ್‌ಪಿಎಂನಲ್ಲಿ ಹಾಡುವುದಿಲ್ಲ. ಆದರೆ ಊರಿನೊಳಗೆ, ಎರಡನೇ ಮೂರನೇ ಗೇರಿನಲ್ಲಿ, ಕೆಳಗಿನಿಂದಲೇ ಚೆನ್ನಾಗಿ ಎಳೆಯುತ್ತದೆ. ಹಗುರ ಗಾಡಿ, ತಿರುಗುವ ತ್ರಿಜ್ಯ 4.8 ಮೀಟರ್. ನಮ್ಮ ಕ್ರಾಸ್ ರಸ್ತೆಯಲ್ಲಿ ಒಂದೇ ಸಲಕ್ಕೆ ಯು ಟರ್ನ್ ಆಗುತ್ತದೆ. ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್ ಕೊಟ್ಟಿರುವುದು ನನಗೆ ತುಂಬಾ ಮೆಚ್ಚುಗೆಯಾಯಿತು. ನಾನು ಅಳೆದಾಗ ಊರೊಳಗೆ ಲೀಟರಿಗೆ 17 ಕಿಲೋಮೀಟರ್ ಕೊಟ್ಟಿತು. ಒಂದು ಮಗು ಇರುವವರಿಗೆ, ಹತ್ತು ಲಕ್ಷದೊಳಗೆ, ಇದಕ್ಕಿಂತ ಲವಲವಿಕೆಯ ಗಾಡಿ ನನಗೆ ಕಾಣಲಿಲ್ಲ.

ಫ್ರಾಂಕ್ಸ್ ಬಗ್ಗೆ ಬೈಯಲು ಏನೂ ಇಲ್ಲ. 100 ಪಿಎಸ್ ಟರ್ಬೊ, ಆರು ಸ್ಪೀಡಿನ ಆಟೋಮ್ಯಾಟಿಕ್, ಸ್ಟೀರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್. 190 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್. ನಾಲ್ಕರಲ್ಲಿ ಹಂಪುಗಳನ್ನು ಅತಿ ಮೆತ್ತಗೆ ದಾಟಿಸಿದ್ದು ಇದೇ. ರಿಂಗ್ ರೋಡಿನಲ್ಲಿ ಒಂದು ಲಾರಿ ದಾಟಬೇಕೆಂದರೆ ಕಾಲು ಒತ್ತಿದರೆ ಸಾಕು. ಊರೊಳಗಿನ ಮೈಲೇಜ್ ನನಗೆ 14ರ ಹತ್ತಿರ ಬಂತು. ಮನೆಗೆ ಒಂದೇ ಕಾರು ಅಂತಾಗಿದ್ದರೆ ಇದನ್ನೇ ಆರಿಸುತ್ತಿದ್ದೆ. ಊಟಿಗೂ ಹೋಗಬಹುದು, ಸ್ಕೂಲಿಗೂ ಹೋಗಬಹುದು.

ಆದರೆ ನಮಗೆ ಊಟಿಗೆ ಹೋಗುವ ಕಾರು ಇದೆಯಲ್ಲ! ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಎರಡನೇ ಕಾರನ್ನೂ ಮೊದಲನೆಯದರ ಹಾಗೆ ಎಲ್ಲದಕ್ಕೂ ಆಗಬೇಕು ಅಂತ ನೋಡುತ್ತಿದ್ದೆ. ಆ 30 ಕಿಲೋಮೀಟರಿಗೆ ಯಾವುದು ಒಳ್ಳೆಯದು ಅಂತ ನೋಡಿದರೆ ಲೆಕ್ಕವೇ ಬೇರೆ.

ಪಂಚ್ ಇವಿಯಲ್ಲಿ ನಾನು ಓಡಿಸಿದ್ದು 35 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು. 122 ಪಿಎಸ್, 190 ಎನ್ಎಂ. ಅಂಕಿಯಲ್ಲಿ ಎನ್ ಲೈನ್‌ಗಿಂತ ಜಾಸ್ತಿ. ಆದರೆ ಅದು ಅಂಕಿಯಲ್ಲಿ ತಿಳಿಯುವುದಿಲ್ಲ, ಸಿಗ್ನಲ್ಲಿನಲ್ಲಿ ತಿಳಿಯುತ್ತದೆ. ಹಸಿರು ಬಿದ್ದ ಕೂಡಲೇ, ಗೇರಿಲ್ಲ, ಸದ್ದಿಲ್ಲ, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಎನ್ ಲೈನ್‌ನ ಖುಷಿ ಸಿಗಬೇಕೆಂದರೆ ಬೆಟ್ಟಕ್ಕೆ ಹೋಗಬೇಕು. ಇದರ ಖುಷಿ ಪ್ರತಿ ಸಿಗ್ನಲ್ಲಿನಲ್ಲೂ, 40ರ ವೇಗದೊಳಗೇ ಸಿಗುತ್ತದೆ. ಹಿಂದೆ ಕೂಸು ನಿದ್ದೆ ಮಾಡುತ್ತಲೇ ಇರುತ್ತದೆ. ಬೆಟ್ಟದ ತಿರುವುಗಳಲ್ಲಿ ಎತ್ತರದ ಗಾಡಿ ಸ್ವಲ್ಪ ವಾಲುತ್ತದೆ, ಅಲ್ಲಿ ಇದು ಐ20ಯ ಹತ್ತಿರಕ್ಕೂ ಬರುವುದಿಲ್ಲ. ಹತ್ತುವಾಗ ಬ್ಯಾಟರಿ ಶೇ. 7 ಇಳಿಯಿತು. ಇಳಿಯುವಾಗ ಪ್ಯಾಡಲ್ ಎಳೆದು ರೀಜೆನ್, ಅಂದರೆ ವೇಗ ತಗ್ಗಿಸುತ್ತಾ ಬ್ಯಾಟರಿ ತುಂಬಿಸುವ ವ್ಯವಸ್ಥೆ, ಜಾಸ್ತಿ ಮಾಡಿದೆ. ಬ್ರೇಕ್ ಮುಟ್ಟುವುದೇ ಅಪರೂಪವಾಯಿತು, ಶೇ. 2 ವಾಪಸ್ ಬಂತು. ಇಳಿಯುತ್ತಾ ಚಾರ್ಜ್ ಏರುವುದನ್ನು ನೋಡುವುದೇ ಒಂದು ಮಜಾ.

ಭಾರತ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟಿನಲ್ಲಿ ಪಂಚ್ ಇವಿಗೆ ಐದು ಸ್ಟಾರ್, ಮಕ್ಕಳ ಸುರಕ್ಷತೆಗೆ 49ರಲ್ಲಿ 45 ಅಂಕ ಬಂದದ್ದು ನನ್ನ ಮನಸ್ಸನ್ನು ಇನ್ನೂ ಗಟ್ಟಿ ಮಾಡಿತು.

ಇನ್ನು ದುಡ್ಡು. ನಾವು ತಗೊಳ್ಳುವಾಗ ಫ್ರಾಂಕ್ಸ್ ಟರ್ಬೊ ಆಟೋಮ್ಯಾಟಿಕ್ ಮೇಲಿನ ಮಾದರಿ ಸುಮಾರು 13 ಲಕ್ಷ, ಪಂಚ್ ಇವಿಯ ದೊಡ್ಡ ಬ್ಯಾಟರಿಯದ್ದೂ ಅದರ ಆಸುಪಾಸು. ಆದರೆ ಕರ್ನಾಟಕದಲ್ಲಿ 10 ಲಕ್ಷ ದಾಟಿದ, 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ ಶೇ. 17. ಫ್ರಾಂಕ್ಸ್‌ಗೆ ಅದೇ ಎರಡು ಲಕ್ಷ ದಾಟುತ್ತಿತ್ತು. 25 ಲಕ್ಷದೊಳಗಿನ ಎಲೆಕ್ಟ್ರಿಕ್ ಕಾರಿಗೆ ಆಗ ಆ ತೆರಿಗೆ ಇರಲಿಲ್ಲ.

ಓಡಿಸುವ ಖರ್ಚಿನಲ್ಲಿ ಒಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ಅದು ಗೃಹಜ್ಯೋತಿ. ನಮ್ಮ ಮನೆಯ ಬಳಕೆ ತಿಂಗಳಿಗೆ 130 ಯುನಿಟ್, ಬಿಲ್ ಸೊನ್ನೆ. ತಿಂಗಳಿಗೆ 750 ಕಿಲೋಮೀಟರ್ ಓಡಿಸಿದರೆ ಕಾರಿಗೆ ನೂರು ನೂರಹತ್ತು ಯುನಿಟ್ ಬೇಕು. ಎರಡೂ ಸೇರಿ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು, ಬರೀ ಕಾರಿನದ್ದಲ್ಲ. 2024-25ರಲ್ಲಿ ಯುನಿಟ್ಟಿಗೆ 5 ರೂಪಾಯಿ 90 ಪೈಸೆ ಇತ್ತು, ಮೇಲೆ ಫಿಕ್ಸೆಡ್ ಚಾರ್ಜು, ತೆರಿಗೆ. ಎಲ್ಲ ಸೇರಿ 2,000 ರೂಪಾಯಿ ಹತ್ತಿರ. ಕಾರಿನ ಕರೆಂಟು ಆರುನೂರು ಚಿಲ್ಲರೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಥರದ ಮನೆಗೆ ನಿಜವಾಗಿ ಬೀಳುವುದು ಅದರ ಮೂರರಷ್ಟು. ಆದರೂ ಅಷ್ಟೇ ದೂರಕ್ಕೆ ಸ್ವಿಫ್ಟ್‌ಗೆ 4,500, ಫ್ರಾಂಕ್ಸ್‌ಗೆ 5,500 ರೂಪಾಯಿಯ ಪೆಟ್ರೋಲ್ ಆಗ ಬೇಕಿತ್ತು. ಲೆಕ್ಕ ಪಂಚ್ ಕಡೆಗೇ ನಿಂತಿತು.

ಪಂಚ್ ಇವಿ ತಂದೆವು. ಬುಕ್ ಮಾಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಗೇಟಿನ ಪಕ್ಕಕ್ಕೆ ಬೇರೆಯೇ ಲೈನ್ ಎಳೆಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿದೆ. ಹಳೆಯ ಮನೆಗಳಲ್ಲಿ ಈ ಅರ್ಥಿಂಗ್ ನೋಡಿಸದೆ 15 ಆಂಪಿಯರ್ ಸಾಕೆಟ್ಟಿಗೆ ಕಾರು ಸಿಕ್ಕಿಸಬೇಡಿ. ಅಪಾರ್ಟ್‌ಮೆಂಟಿನಲ್ಲಿದ್ದು, ಪಾರ್ಕಿಂಗಿನಲ್ಲಿ ನಿಮ್ಮದೇ ಸಾಕೆಟ್ ಇಲ್ಲದಿದ್ದರೆ, ನಾನು ಇಷ್ಟು ಹೊಗಳಿದ್ದನ್ನೆಲ್ಲ ಪಕ್ಕಕ್ಕಿಟ್ಟು ಫ್ರಾಂಕ್ಸ್ ಓಡಿಸಿ ನೋಡಿ. ನೋಡುವಾಗ ಮಗುವಿನ ಸೀಟು, ಸ್ಟ್ರೋಲರ್, ಮನೆಯ ಹಿರಿಯರು, ಮೂರನ್ನೂ ಕರೆದುಕೊಂಡು ಹೋಗಿ. ಬೇಡ ಅನ್ನುವ ಶೋರೂಮಿನಿಂದ ಎದ್ದು ಬನ್ನಿ.