ಗಾಳಿ ಟವರ್ ಹತ್ತುವವರ ಫುಲ್ ಬಾಡಿ ಬೆಲ್ಟ್: ಹಾಕಿಕೊಂಡು ಕೆಲಸ ಮಾಡಿದವನ ಅಭಿಪ್ರಾಯ

ಎತ್ತರದಿಂದ ಬಿದ್ದರೆ ತಡೆದು ನಿಲ್ಲಿಸುವ ಈ ಬೆಲ್ಟ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ನಾನು ಚಿತ್ರದುರ್ಗದವನು. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಗಾಳಿ ವಿದ್ಯುತ್ ಟವರ್‌ಗಳ ಮೇಂಟೆನೆನ್ಸ್‌ಗೆ ಸೇರಿದ ಗುತ್ತಿಗೆ ಕಾರ್ಮಿಕ. ಜೋಗಿಮಟ್ಟಿಯ ಗುಡ್ಡಗಳ ಮೇಲೆ, ಹೊಸದುರ್ಗ, ಹಿರಿಯೂರು ಕಡೆ ತಿರುಗುವ ಫ್ಯಾನುಗಳನ್ನು ಬಸ್ಸಿನಿಂದ ನೋಡುವವರಿಗೆ ಕಂಬದೊಳಗೆ ಏಣಿ ಇದೆ, ಅದರಲ್ಲಿ ಯಾರೋ ಹತ್ತಿ ಇಳಿಯುತ್ತಾರೆ ಅಂತ ಹೊಳೆಯುವುದಿಲ್ಲ. 2024-25ರಲ್ಲಿ ಇಡೀ ದೇಶದಲ್ಲೇ ಹೆಚ್ಚು ಹೊಸ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿದ್ದು ನಮ್ಮ ಕರ್ನಾಟಕ, 1,331 ಮೆಗಾವಾಟ್. ಅಷ್ಟೂ ಟವರ್‌ಗಳಿಗೆ ಬೋಲ್ಟ್ ಬಿಗಿಯುವವರು, ಗ್ರೀಸ್ ಹಾಕುವವರು ಬೇಕು. ಹೊಸದಾಗಿ ಸೇರುವ ಆ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬ್ರ್ಯಾಂಡ್ ಹೇಳುವುದಿಲ್ಲ, ಇದೇ ದರ್ಜೆಯದ್ದನ್ನು ಹಲವು ಕಂಪನಿಗಳು ಮಾಡುತ್ತವೆ. ನೀವು ಓದಬೇಕಾದ್ದು ಪಟ್ಟಿಗೆ ಹೊಲಿದಿರುವ ಲೇಬಲ್. ಬೆಲ್ಟ್‌ಗೆ ಭಾರತದ ಮಾನದಂಡ ಐಎಸ್ 3521 ಅಥವಾ ಯುರೋಪಿನ ಇಎನ್ 361, ಬಿದ್ದಾಗ ಎಳೆತದ ಹೊಡೆತ ತಗ್ಗಿಸುವ ಶಾಕ್ ಅಬ್ಸಾರ್ಬರ್‌ಗೆ ಇಎನ್ 355, ಜೊತೆಗೆ ಸೀರಿಯಲ್ ನಂಬರ್ ಮತ್ತು ತಯಾರಾದ ತಾರೀಖು ಇರಬೇಕು. ಲೇಬಲ್ ಅಳಿಸಿಹೋದ ಬೆಲ್ಟ್ ಕೊಟ್ಟರೆ ವಾಪಸ್ ಕೊಡಿ.

ನಮ್ಮದರಲ್ಲಿ ಬೆನ್ನಿಗೊಂದು, ಎದೆಗೊಂದು ಡಿ-ರಿಂಗ್, ಸೊಂಟದ ಎರಡೂ ಪಕ್ಕಕ್ಕೆ ಒಂದೊಂದು. ಏಣಿಯ ರೈಲಿನ ಜೊತೆ ಓಡುವ, ಬಿದ್ದರೆ ಅದನ್ನೇ ಕಚ್ಚಿ ನಿಲ್ಲುವ ಗ್ರಾಬ್‌ಗೆ ಎದೆಯ ರಿಂಗ್ ಸಿಕ್ಕಿಸಬೇಕು. ಪಕ್ಕದವು ಒಂದೆಡೆ ನಿಂತು ಎರಡೂ ಕೈಯಲ್ಲಿ ಕೆಲಸ ಮಾಡುವಾಗ ಒರಗಿಕೊಳ್ಳಲು ಮಾತ್ರ, ಬಿದ್ದರೆ ತಡೆಯುವುದಕ್ಕಲ್ಲ. ಇದನ್ನು ಟ್ರೇನಿಂಗ್‌ನಲ್ಲಿ ಹೇಳಿಸಿಕೊಂಡವರೂ ಮರೆಯುತ್ತಾರೆ. ಬೆಲ್ಟ್‌ಗೆ ಕಟ್ಟುವ ಎರಡು ಕವಲಿನ ಹಗ್ಗ, ಅಂದರೆ ಡಬಲ್ ಲ್ಯಾನ್ಯಾರ್ಡ್‌ನ ಎರಡು ದೊಡ್ಡ ಹುಕ್‌ಗಳಲ್ಲಿ ಒಂದು ಯಾವಾಗಲೂ ಸಿಕ್ಕಿಕೊಂಡಿರಬೇಕು. ಇನ್ನೊಂದನ್ನು ಮುಂದೆ ಹಾಕಿದ ಮೇಲೇ ಹಿಂದಿನದನ್ನು ಬಿಚ್ಚುವುದು. ಗ್ಲೌಸ್ ಹಾಕಿಕೊಂಡು ಈ ಹುಕ್ ತೆರೆಯುವುದು ಮೊದಮೊದಲು ಕಷ್ಟ, ಆಮೇಲೆ ಕೈ ಪಳಗುತ್ತದೆ. ತೊಡೆಯ ಪಟ್ಟಿಗೆ ದಪ್ಪ ಪ್ಯಾಡ್ ಇದೆ. ಬಿಗಿದ ಮೇಲೆ ಪಟ್ಟಿಯ ಕೆಳಗೆ ಚಪ್ಪಟೆ ಅಂಗೈ ತೂರಬೇಕು, ಮುಷ್ಟಿ ತೂರಬಾರದು. ಹೊಲಿಗೆಗೆ ಪಟ್ಟಿಯ ಬಣ್ಣ ಬಿಟ್ಟು ಬೇರೆ ಬಣ್ಣದ ದಾರ ಹಾಕಿದ್ದಾರೆ, ಒಂದು ಎಳೆ ಕಿತ್ತರೂ ಕಣ್ಣಿಗೆ ಬೀಳುತ್ತದೆ. ಇದು ನನಗೆ ತುಂಬಾ ಹಿಡಿಸಿತು.

ಇದಕ್ಕಿಂತ ಮುಂಚೆ ಒಬ್ಬ ಗುತ್ತಿಗೆದಾರರ ಕೈಕೆಳಗೆ ಇದ್ದಾಗ ಬೆಲ್ಟ್ ಶಿಫ್ಟಿಗೆ ಹಂಚಿಕೆ. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ಹಾಕಿಕೊಳ್ಳಬೇಕು. ಗ್ರೀಸ್ ಕುಡಿದು ಪಟ್ಟಿ ಒಣ ಚರ್ಮದ ಹಾಗೆ ಸೆಟೆದಿತ್ತು, ಹುಕ್‌ನ ಬಾಯಿ ತಾನಾಗಿ ಮುಚ್ಚುತ್ತಿರಲಿಲ್ಲ. ಕೇಳಿದರೆ ಸೂಪರ್‌ವೈಸರ್, "ಕೋತಿರಾಜ್ ಊರಿನೋರು ನೀವು, ನಿಮಗ್ಯಾಕ್ರೋ ಹೊಸ ಬೆಲ್ಟು" ಅಂತಿದ್ದರು. ಕೋತಿರಾಜ್ ಅಂತ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆ ಗೋಡೆ ಹತ್ತುವುದನ್ನು ನೋಡಿ ಬೆಳೆದವನು ನಾನು, ಅವರ ಬಗ್ಗೆ ಹೆಮ್ಮೆ ಇದೆ. ಆದರೆ ಅದು ಅವರು ಆರಿಸಿಕೊಂಡ ಸಾಹಸ. ನಾವು ಹತ್ತುವುದು ಸಂಬಳಕ್ಕೆ.

ಈಗಿನ ಬೆಲ್ಟ್ ಬಂದದ್ದು ನಾವೆಲ್ಲ ಸೇರಿ ಕೇಳಿದ್ದಕ್ಕೆ. ನಮ್ಮ ಸೋದರಮಾವ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು, ಕಾರ್ಮಿಕ ನಾಯಕ ಪಂಪಾಪತಿಯವರ ಕಾಲದ ಯೂನಿಯನ್ ನೋಡಿದವರು. "ಬಾಯಲ್ಲಿ ಕೇಳ್ಬ್ಯಾಡ್ರಿ, ಬರ್ಕೊಡ್ರಿ, ಎಲ್ಲಾರೂ ಸಹಿ ಹಾಕ್ರಿ, ತಲುಪಿದ್ದಕ್ಕೆ ಸೀಲು ಹಾಕಿಸ್ಕೊಂಡು ಬರ್ರಿ" ಅಂದರು. ಹಾಗೇ ಮಾಡಿದೆವು. ತಲೆಗೊಂದು ಬೆಲ್ಟ್, ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ, ಒಬ್ಬನೇ ಟವರ್ ಹತ್ತುವಂತಿಲ್ಲ, ಸಂಬಳ ಚೀಟಿಯಲ್ಲಿ ಇಎಸ್‌ಐ, ಪಿಎಫ್ ಕಡಿತ ಕಾಣಬೇಕು, ಇಷ್ಟು ಬರೆದಿದ್ದೆವು. ಮೊದಲ ಪತ್ರಕ್ಕೆ ಉತ್ತರ ಇಲ್ಲ. ಎರಡನೆಯದರ ಪ್ರತಿಯನ್ನು ಟವರ್‌ಗಳ ಮಾಲೀಕ ಕಂಪನಿಗೂ, ಕಾರ್ಮಿಕ ಇಲಾಖೆಗೂ ಹಾಕಿದ ಮೇಲೆ ಮಾತುಕತೆಗೆ ಕರೆದರು.

ಆ ಮಾತುಕತೆಯಲ್ಲಿ ಆದ ಒಪ್ಪಂದದಲ್ಲಿ ಬೆಲ್ಟ್‌ಗಿಂತ ದೊಡ್ಡದು ಒಂದು ಸಾಲು: ಗಾಳಿಯ ವೇಗ ಮ್ಯಾನ್ಯುಯಲ್‌ನ ಮಿತಿ ದಾಟಿದ್ದರೆ ಅಥವಾ ಬೆಲ್ಟ್‌ನಲ್ಲಿ ದೋಷ ಕಂಡರೆ ಕಾರ್ಮಿಕ ಹತ್ತಲು ಒಲ್ಲೆ ಅನ್ನಬಹುದು, ಆ ದಿನದ ಕೂಲಿ ಕಡಿಯುವಂತಿಲ್ಲ. ಆಷಾಢದ ಗಾಳಿಯಲ್ಲೇ ಫ್ಯಾನು ಹೆಚ್ಚು ಯೂನಿಟ್ ಕೊಡುವುದು, ಆಗಲೇ ಕೆಟ್ಟರೆ ಮೇಲಿನವರ ಫೋನ್ ಮೇಲೆ ಫೋನ್. ಆ ಹೊತ್ತಲ್ಲಿ ಲೇಬಲ್ ಓದಿ, ಹೊಲಿಗೆ ನೋಡಿ, "ಇವತ್ತು ಹತ್ತಲ್ಲ ಸರ್" ಅನ್ನಲು ಈ ಸಾಲು ಬೇಕೇ ಬೇಕು.

ಶೆಡ್‌ಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಗೆಳೆಯರಿಗೂ ಒಂದು ಮಾತು. ನಮ್ಮ ಈ ಸೆಟ್ಟನ್ನೇ ಕೊಂಡುಬಿಡಬೇಡಿ. ಲ್ಯಾನ್ಯಾರ್ಡ್ ಎರಡು ಮೀಟರ್, ಬಿದ್ದಾಗ ಅಬ್ಸಾರ್ಬರ್ ಹರಿದು ಬಿಚ್ಚಿಕೊಳ್ಳುವುದು 1.75 ಮೀಟರ್‌ವರೆಗೆ. ಮೈಯ ಉದ್ದವನ್ನೂ ಸ್ವಲ್ಪ ಅಂತರವನ್ನೂ ಸೇರಿಸಿದರೆ ಹುಕ್ ಹಾಕಿದ ಜಾಗದಿಂದ ಕೆಳಗೆ ಆರು ಮೀಟರ್‌ಗಿಂತ ಹೆಚ್ಚು ಖಾಲಿ ಇರಬೇಕು. ಐದು ಮೀಟರ್ ಎತ್ತರದ ಶೆಡ್‌ನಲ್ಲಿ ಕಾಲಿನ ಹತ್ತಿರ ಹುಕ್ ಹಾಕಿಕೊಂಡವನು ನೆಲಕ್ಕೇ ಬಡಿಯುತ್ತಾನೆ. ನಿಮಗೆ ಬೇಕಾದ್ದು ಅಂಚಿನವರೆಗೆ ಹೋಗಲು ಬಿಡದ ಗಿಡ್ಡ ಹಗ್ಗ, ಅದರ ಹುಕ್ ಸಿಕ್ಕಿಸಲು ಗಟ್ಟಿ ಆಂಕರ್. ಶೀಟ್ ಮುರಿದು ಒಳಗೆ ಬೀಳುವ ಅಪಾಯ ಬೇರೆ ಇದೆ, ಅದಕ್ಕೆ ನಡೆಯುವ ಹಲಗೆ ಹಾಕಿಸಿ.

ಇನ್ನು ದೂರು. "ಫ್ರೀ ಸೈಜ್" ಅಂತ ಕಳಿಸಿದ್ದು ಸಣಕಲು ಮೈಯವರಿಗೆ ಆಗುವುದಿಲ್ಲ, ಎಷ್ಟು ಎಳೆದರೂ ಎದೆಪಟ್ಟಿ ಕತ್ತಿಗೆ ಏರುತ್ತದೆ. ಆರ್ಡರ್‌ನಲ್ಲೇ ಸ್ಮಾಲ್ ಎಂದು ಬರೆಸಿ. ಬೇಸಿಗೆಯಲ್ಲಿ ಟವರ್‌ನೊಳಗೆ ಬೆನ್ನೆಲ್ಲ ಬೇಯುತ್ತದೆ. ತೊಳೆಯುವುದಾದರೆ ಸಾದಾ ಸೋಪು ನೀರು, ನೆರಳಲ್ಲಿ ಒಣಗಿಸಬೇಕು. ಒಮ್ಮೆ ಬಿದ್ದು ಎಳೆತ ತಿಂದ ಸೆಟ್ ಮತ್ತೆ ಬಳಸುವಂತಿಲ್ಲ.

ಒಂದು ಅಂಕ ಕಡಿದದ್ದು ಮಾತ್ರ ಬೇರೆ ಕಾರಣಕ್ಕೆ. ಬಿದ್ದವನನ್ನು ಬೆಲ್ಟ್ ತಡೆದು ನಿಲ್ಲಿಸುತ್ತದೆ, ಕೆಳಗಿಳಿಸುವುದಿಲ್ಲ. ನೇತಾಡುವವನ ತೊಡೆಪಟ್ಟಿ ರಕ್ತವನ್ನು ಕಾಲಲ್ಲೇ ಹಿಡಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆಗ ಪಾದ ಊರಿ ನಿಲ್ಲಲು ಬೇಕಾದ ಪುಟ್ಟ ಪಟ್ಟಿಯನ್ನು ಈ ಸೆಟ್‌ನ ಜೊತೆ ಕೊಟ್ಟಿಲ್ಲ, ಬೇರೆ ಕೊಳ್ಳಬೇಕು. ಗುಡ್ಡದ ಮೇಲಿನ ಟವರ್‌ಗೆ ಆಂಬುಲೆನ್ಸ್ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಇಳಿಸಬೇಕಾದವರು ಜೊತೆಯಲ್ಲಿರುವ ನಾವೇ. ಆದ್ದರಿಂದ ಆ ಪಟ್ಟಿ, ಪ್ರತಿ ಟೀಮಿಗೊಂದು ರೆಸ್ಕ್ಯೂ ಕಿಟ್, ಕೂಲಿ ಸಹಿತ ರೆಸ್ಕ್ಯೂ ಅಭ್ಯಾಸ, ಈ ಮೂರನ್ನೂ ಈ ಸಲದ ಪತ್ರದಲ್ಲಿ ಬರೆದಿದ್ದೇವೆ. ಸಹಿ ಸಂಗ್ರಹ ನಡೆಯುತ್ತಿದೆ.