8 ಗಂಟೆ, 12 ಗಂಟೆ, ಖಾಯಂ ನೈಟ್: ಮೂರೂ ಡ್ಯೂಟಿ ಮಾಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನರ್ಸ್ ಆಗಿ ನನ್ನ ಓಟು 8 ಗಂಟೆಯ ಡ್ಯೂಟಿಗೆ. 12 ಗಂಟೆ ದುಡಿಸುತ್ತಿದ್ದ ಆಸ್ಪತ್ರೆ ಬಿಟ್ಟು, ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅಂತ 8 ಗಂಟೆಯ ಕಡೆಗೆ ವಾಪಸ್ ಬಂದಿದ್ದೇನೆ. ನಡುವೆ ಒಂದಷ್ಟು ಕಾಲ ಖಾಯಂ ನೈಟ್ ಕೂಡ ಮಾಡಿದೆ.

12 ಗಂಟೆ ಡ್ಯೂಟಿ ರೋಸ್ಟರ್‌ನಲ್ಲಿ, ಅಂದರೆ ಪಾಳಿ ಪಟ್ಟಿಯಲ್ಲಿ, ನೋಡೋಕೆ ಬಹಳ ಚೆಂದ. ವಾರಕ್ಕೆ ಮೂರೋ ನಾಲ್ಕೋ ದಿನ ಕೆಲಸ, ಉಳಿದದ್ದು ರಜೆ. ಓಡಾಟದ ಖರ್ಚೂ ಉಳಿಯುತ್ತದೆ. ಒಬ್ಬ ರೋಗಿಯನ್ನು ಬೆಳಗ್ಗೆಯಿಂದ ರಾತ್ರಿವರೆಗೆ ನೀವೇ ನೋಡುವುದರಿಂದ ಎಲ್ಲಿ ಏರುಪೇರಾಯಿತು ಅನ್ನೋದು ಬೇಗ ಗೊತ್ತಾಗುತ್ತದೆ. ಇದೆಲ್ಲ ನಿಜ.

ಕಿರಿಕಿರಿ ಇರೋದು ಹ್ಯಾಂಡೋವರ್‌ನಲ್ಲಿ, ಅಂದರೆ ಮುಂದಿನ ಪಾಳಿಯ ನರ್ಸ್‌ಗೆ ರೋಗಿಗಳನ್ನು ಒಪ್ಪಿಸುವುದರಲ್ಲಿ. ರಾತ್ರಿ 8ಕ್ಕೆ ಡ್ಯೂಟಿ ಮುಗಿಯುತ್ತದೆ ಅಂದರೆ 8ಕ್ಕೆ ಹ್ಯಾಂಡೋವರ್ ಶುರುವಾಗುತ್ತದೆ ಅಂತ ಅರ್ಥ, ಅಷ್ಟೇ. ಒಂದೊಂದು ಬೆಡ್ ಹತ್ತಿರವೂ ನಿಂತು ಹೇಳಬೇಕು: ಯಾವ ಡ್ರಿಪ್ ಹೋಗುತ್ತಿದೆ, ಕ್ಯಾನುಲಾ (ಡ್ರಿಪ್‌ಗೆ ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಯಾವಾಗ ಹಾಕಿದ್ದು, ಯೂರಿನ್ ಎಷ್ಟಾಗಿದೆ, ಯಾವ ರಿಪೋರ್ಟ್ ಬರಬೇಕು, ಡಾಕ್ಟರ್ ಏನು ಹೇಳಿ ಹೋದರು. ಆಮೇಲೆ ಮಾರ್ಫಿನ್ ಥರದ, ಚಟ ಹಿಡಿಸಬಹುದಾದ ನೋವಿನ ಔಷಧಿಗಳನ್ನು ಇಬ್ಬರೂ ಸೇರಿ ಎಣಿಸಿ ಸಹಿ ಹಾಕಬೇಕು. ಒಂದು ಆಂಪ್ಯೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಸೀಸೆ) ಲೆಕ್ಕ ತಪ್ಪಿದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಇಷ್ಟೆಲ್ಲ ಆದ ಮೇಲೆ, ಹಗಲೆಲ್ಲ ಪುರುಸೊತ್ತಿಲ್ಲದೆ ಅರ್ಧಕ್ಕೇ ಬಿಟ್ಟಿದ್ದ ಚಾರ್ಟ್‌ಗಳನ್ನು ಕೂತು ಬರೆಯಬೇಕು. ನಮ್ಮನ್ನು ಬಿಡಿಸೋಕೆ ಬರಬೇಕಾದ ರಿಲೀವರ್ ಬರಲೇ ಇಲ್ಲ ಅಂದರೆ ಕೇಳೋದೇ ಬೇಡ, ರೋಗಿಗಳನ್ನು ಬಿಟ್ಟು ಎದ್ದು ಹೋಗೋಕಾಗಲ್ಲ ಅಲ್ವಾ?

ಈಗ ಲೆಕ್ಕ ಹಾಕಿ. ಆಸ್ಪತ್ರೆ ಬಿಡುವಾಗಲೇ 9 ದಾಟಿರುತ್ತದೆ. ಮನೆ ಸೇರಿ, ಸ್ನಾನ ಮಾಡಿ, ಊಟ ಮುಗಿಸಿ ಮಲಗುವಷ್ಟರಲ್ಲಿ 11 ಆಗಿಹೋಗಿರುತ್ತದೆ, ಮರುದಿನ ಮತ್ತೆ 8ಕ್ಕೆ ವಾರ್ಡ್‌ನಲ್ಲಿರಬೇಕು. ನರ್ಸ್‌ಗಳಿಗೆ ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆ ಸತತ ಬಿಡುವು ಕೊಡಿ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ಶಿಫಾರಸು ಮಾಡಿತ್ತು. ಯುರೋಪಿಯನ್ ಒಕ್ಕೂಟದ 2003ರ ನಿಯಮದಲ್ಲಿ ಅದು ದಿನಕ್ಕೆ 11 ಗಂಟೆ. ದಿನಕ್ಕಿರೋದು 24 ಗಂಟೆ ತಾನೇ? 12 ಗಂಟೆಯ ಡ್ಯೂಟಿ ಹತ್ತು ನಿಮಿಷ ಎಳೆದರೂ ಮೊದಲನೆಯದು ಹೋಯಿತು, ಒಂದು ಗಂಟೆ ಮೀರಿತೋ ಎರಡನೆಯದೂ ಹೋಯಿತು. 8 ಗಂಟೆಯ ಡ್ಯೂಟಿಯಲ್ಲೂ ಇದೇ ಹ್ಯಾಂಡೋವರ್, ಇದೇ ಎಣಿಕೆ. ಆದರೆ ಅಲ್ಲಿ ತಡವಾದರೆ ಸಿಟ್ಟು ಬರುತ್ತದೆ, ನಿದ್ದೆ ಹಾಳಾಗುವುದಿಲ್ಲ.

ರಜೆ ಜಾಸ್ತಿ ಸಿಗುತ್ತಲ್ಲ ಅನ್ನುತ್ತಾರೆ. ಸಿಗುತ್ತದೆ, ಅದರಲ್ಲಿ ಮೊದಲನೇ ದಿನ ಕಾಲುನೋವಿಗೆ ಮತ್ತು ಹಾಸಿಗೆಗೆ. 2012ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳ ನರ್ಸ್‌ಗಳ ಬಗ್ಗೆ ಒಂದು ಅಧ್ಯಯನ ಬಂತು. ಶೇ 80ಕ್ಕಿಂತ ಹೆಚ್ಚು ಜನ ತಮ್ಮ ರೋಸ್ಟರ್ ಚೆನ್ನಾಗಿದೆ ಅಂದಿದ್ದರು. ಆದರೂ 10 ಗಂಟೆ ಅಥವಾ ಅದಕ್ಕಿಂತ ಉದ್ದದ ಪಾಳಿಯವರಲ್ಲಿ ಬರ್ನ್‌ಔಟ್ ಆಗುವ (ಕೆಲಸದ ಒತ್ತಡಕ್ಕೆ ದೇಹ, ಮನಸ್ಸು ಬಸವಳಿಯುವ), ಕೆಲಸ ಬಿಡುವ ಯೋಚನೆ ಮಾಡುವ ಸಾಧ್ಯತೆ ಎರಡೂವರೆ ಪಟ್ಟಿನವರೆಗೂ ಜಾಸ್ತಿ ಇತ್ತು. ನನಗೆ ಇದೇನೂ ಹೊಸದು ಅನ್ನಿಸಲಿಲ್ಲ. ನಮ್ಮ ವಾರ್ಡ್‌ನಲ್ಲೂ '12 ಗಂಟೆನೇ ಆರಾಮು' ಅನ್ನುತ್ತಿದ್ದವರೇ ಬೇರೆ ಕೆಲಸ ಹುಡುಕುತ್ತಿದ್ದರು.

ಖಾಯಂ ನೈಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಭತ್ಯೆ ಬರುತ್ತದೆ, ಡಾಕ್ಟರ್‌ಗಳ ರೌಂಡ್ಸ್ ಗಲಾಟೆ ಇಲ್ಲ, ನೋಡೋಕೆ ಬರುವ ಜನರ ಜೊತೆ ಜಗಳ ಇಲ್ಲ. ಹಗಲು ನಿದ್ದೆ ಮಾತ್ರ ನನಗೆ ಹತ್ತಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್ ತರಬಹುದು' ಅನ್ನುವ ಗುಂಪಿನಲ್ಲಿ ಇಟ್ಟಿದೆ, 2019ರಲ್ಲಿ ಮತ್ತೊಮ್ಮೆ ಅದನ್ನೇ ಹೇಳಿದೆ. ಭತ್ಯೆಗೋಸ್ಕರ ಇಷ್ಟೆಲ್ಲ ಬೇಡ ಅನ್ನಿಸಿತು.

8 ಗಂಟೆಯಲ್ಲೂ ಒಂದು ವಿಷ ಇದೆ. ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ 9ಕ್ಕೆ ಹೊರಟವರನ್ನು ಮರುದಿನ ಬೆಳಗ್ಗೆ 7ಕ್ಕೆ ಹಾಕುವುದು. ಹೀಗೆ ಹಾಕಿದರೆ 12 ಗಂಟೆಯ ಡ್ಯೂಟಿಗಿಂತ ಕೆಟ್ಟದ್ದು. "ಸಿಸ್ಟರ್, ಬೆಳಗ್ಗೆ ಆದಮೇಲೆ ಮಧ್ಯಾಹ್ನ, ಅದಾದಮೇಲೆ ನೈಟ್, ಈ ಕ್ರಮದಲ್ಲೇ ಹಾಕಿ" ಅಂತ ರೋಸ್ಟರ್ ಹಾಕುವ ವಾರ್ಡ್ ಇನ್‌ಚಾರ್ಜ್‌ಗೆ ಮೊದಲೇ ಹೇಳಿಟ್ಟಿದ್ದೇನೆ. ಅವರೂ ವಾರ್ಡ್‌ನಲ್ಲಿ ಪಾಳಿ ಮಾಡಿ ಬಂದವರು, ಒಪ್ಪಿಕೊಂಡರು. ವಾರದಲ್ಲಿ ಜಾಸ್ತಿ ದಿನ ಹೋಗಬೇಕು ಅನ್ನೋದು ಇನ್ನೊಂದು ಕೊರತೆ.

ಯಾವ ಪಾಳಿ ಆದರೂ ಒಬ್ಬರ ಕೈಗೆ ಎಷ್ಟು ರೋಗಿಗಳು ಅಂತ ಕೇಳದೆ ಸೇರಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ವಾರ್ಡ್‌ಗೆ ಒಬ್ಬ ನರ್ಸ್‌ಗೆ 5 ರೋಗಿಗಳ ಮಿತಿ ಕಾನೂನಿನಲ್ಲೇ ಇದೆ. ಹೆಚ್ಚಿಗೆ ಬರುವ ಒಬ್ಬೊಬ್ಬ ರೋಗಿಗೂ ನರ್ಸ್ ಬರ್ನ್‌ಔಟ್ ಆಗುವ ಸಂಭವ ಶೇ 23ರಷ್ಟು ಏರುತ್ತದೆ ಅಂತ 2002ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತ್ತು. ಹಗಲಿನ ಲೆಕ್ಕ ಹೇಳಿ ಸುಮ್ನಾಗುತ್ತಾರೆ, ರಾತ್ರಿಯದ್ದು ಬೇರೆ ಕೇಳಿ.

ನಾನು ಬೇಗ ಮಲಗುವವಳು, ಮನೆ ಆಸ್ಪತ್ರೆಗೆ ಹತ್ತಿರ, ಸದ್ಯಕ್ಕೆ ಸಾಲ ಇಲ್ಲ. ಹಾಗಾಗಿ 8 ಗಂಟೆ ನನಗೆ ಹೊಂದುತ್ತದೆ. ಹೋಗಿ ಬರೋಕೇ ಮೂರು ತಾಸು ಬೇಕು ಅನ್ನುವವರಿಗೆ 12 ಗಂಟೆಯೇ ಅಗ್ಗ. ಆದರೆ ಮೂರು ದಿನ ಒಟ್ಟಿಗೆ ಹಾಕಿಸಿಕೊಳ್ಳಬೇಡಿ, ಎರಡಾದ ಮೇಲೆ ಒಂದು ಆಫ್ ಕೇಳಿ.